ಧೂಮಲೇಖೆ ಉಂಡ ಮನೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಸ್ಪತ್ರೆಯವರು ಬರೆದ ವರದಿಯಲ್ಲಿ ‘ಪಾತ್ರದ ಸ್ವಭಾವದಲ್ಲಿ ಅನಿರೀಕ್ಷಿತ ವಿಚಲನೆ’ ಅಂತ ಏನೋ ದೊಡ್ಡ ಮಾತು ಹಾಕಿದ್ದಾರೆ. ವಿಚಲನೆಯೂ ಇಲ್ಲ, ಮಣ್ಣೂ ಇಲ್ಲ. ವಿಶಾಲಾಕ್ಷಿ ಎಂಬ ನಾನು ಎಷ್ಟೋ ವರ್ಷಗಳ ಹಿಂದೆ ಒಬ್ಬ ಖಳನಾಯಕಿಗೆ ಒಂದು ತಟ್ಟೆ ಮೊಸರನ್ನ ತಿನ್ನಿಸಿದೆ. ಅದರಿಂದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಎಡ ಶ್ವಾಸಕೋಶ ಅರ್ಧ ಕಲ್ಲಾಗಿ ಹೋಯಿತು.

ನಾನು ಮಕ್ಕಳ ಚಿತ್ರಕಥೆ ಪುಸ್ತಕ ಬರೆಯುವವಳು. ಹೊಸಪೇಟೆಯಿಂದ ತಿಂಗಳಿಗೊಂದು ಸಂಚಿಕೆ, ಮೂವತ್ತು ವರ್ಷ. ಪುಸ್ತಕದ ಹೆಸರು ‘ಗಗನವೀರ’. ಆದರೆ ಆ ಗಗನವೀರನಂಥ ಪೆದ್ದನನ್ನು ನೋಡಲು ಯಾವ ಮಗುವೂ ಪುಸ್ತಕ ಕೊಳ್ಳಲಿಲ್ಲ. ಎಲ್ಲರಿಗೂ ಬೇಕಾಗಿದ್ದವಳು ಧೂಮಲೇಖೆ. ಬೂದಿ ಬಣ್ಣದ ಸೀರೆ, ಸೊಂಟದ ಸುತ್ತ ಗಾಜಿನ ಸೀಸೆಗಳ ಸಾಲು. ಊರಿಗೆ ಊರೇ ಮಲಗಿಸಿ, ಜನರ ಉಸಿರು ಕದ್ದು ಸೀಸೆಯಲ್ಲಿ ತುಂಬಿಕೊಂಡು ಹೋಗುವ ಮಹಾ ಪಾಪಿ. ಸುಳ್ಳು, ಮೋಸ, ಕಳ್ಳತನ, ಎಲ್ಲವನ್ನೂ ನಾನೇ ಕಲಿಸಿದ್ದೆ.

ನಲವತ್ತೊಂದನೇ ಸಂಚಿಕೆಯಲ್ಲಿ ಅವಳು ಒಬ್ಬ ಮುದುಕಿಯ ಉಸಿರು ಕದಿಯಲು ಹೋಗುತ್ತಾಳೆ. ಮುದುಕಿ ಇವಳು ಯಾರೆಂದೂ ಕೇಳದೆ ತಟ್ಟೆ ಹಾಕಿ ಮೊಸರನ್ನ ಬಡಿಸುತ್ತಾಳೆ. ಧೂಮಲೇಖೆ ಉಣ್ಣುತ್ತಾಳೆ. ಉಂಡ ಮೇಲೆ ಸೀಸೆ ಮುಚ್ಚಿಕೊಂಡು ಎದ್ದು ಹೋಗುತ್ತಾಳೆ. ಉಂಡ ಮನೆಗೆ ಕೇಡು ಬಗೆಯಲು ಅವಳಿಂದಾಗುವುದಿಲ್ಲ. ನಮ್ಮಮ್ಮ ಜಗಳವಾಡಿದವರ ಮನೆಯಲ್ಲಿ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಕುಡಿದರೆ ಜಗಳ ಮುಂದುವರಿಸುವ ಹಕ್ಕು ಹೋಗುತ್ತದೆ ಅನ್ನುತ್ತಿದ್ದಳು. ಆ ಗುಣವನ್ನೇ ಎತ್ತಿ ಆ ಪಾಪಿಗೆ ಅಂಟಿಸಿದೆ. ಮಕ್ಕಳಿಂದ ರಾಶಿ ರಾಶಿ ಕಾಗದ ಬಂದವು. ಹುಮ್ಮಸ್ಸಿಗೆ ಬಿದ್ದು ಅದನ್ನೇ ಮತ್ತೆ ಏಳೆಂಟು ಸಲ ಬರೆದೆ.

ನಮ್ಮ ಕಡೆ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡುವ ಯಂತ್ರಗಳು ಬಂದ ಮೇಲೆ ಮಕ್ಕಳಿಗೆ ಹೊಸ ರೋಗವೊಂದು ಶುರುವಾಯಿತು. ಜನ ಅದನ್ನು ಕೆಂಪೆದೆ ಎಂದರು. ಧೂಳು ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿಗೂಡುಗಳೊಳಗೆ ಕೂತು, ಗೂಡುಗಳು ಮುಚ್ಚಿಕೊಂಡು ಗಟ್ಟಿಯಾಗುತ್ತವೆ. ಔಷಧವೇನೋ ಇದೆ. ಮುಚ್ಚಿದ ಗೂಡಿಗೆ ಅದು ಹೋಗುವುದು ಹೇಗೆ? ಮಗು ಒಂದು ಕೊಳವೆಗೆ ಜೀವ ಬಿಟ್ಟು ಊದಬೇಕು. ಕೊಳವೆಯೊಳಗಿನ ಕವಾಟ ಎದುರೊತ್ತುತ್ತದೆ. ಆ ಒತ್ತಡಕ್ಕೆ ಗೂಡು ತೆರೆದುಕೊಂಡ ಗಳಿಗೆಯಲ್ಲೇ ಔಷಧದ ಮಂಜು ಒಳಗೆ ಹೋಗುತ್ತದೆ. ದಿನಕ್ಕೆ ನಲವತ್ತು ಸಲ ಊದಬೇಕು, ಕವಾಟವನ್ನು ಮಟ್ಟದಿಂದ ಮಟ್ಟಕ್ಕೆ ಬಿಗಿ ಮಾಡುತ್ತ ಹೋಗಬೇಕು. ಎದೆಯೊಳಗೆ ಖಾರದ ಪುಡಿ ಎರಚಿದ ಹಾಗೆ ಉರಿಯುತ್ತದಂತೆ. ತಾಯಂದಿರು ಕಾಲಿಗೆ ಬಿದ್ದರೂ ಮಕ್ಕಳು ಎರಡನೇ ಸಲ ಊದುತ್ತಿರಲಿಲ್ಲ.

“ಮಕ್ಕಳು ಅವ್ವನ ಮ್ಯಾಲಿನ ಪ್ರೀತಿಗೆ ಊದೋದಿಲ್ರಿ, ಸಿಟ್ಟಿಗೆ ಊದ್ತಾವ,” ಎಂದವರು ಡಾಕ್ಟರ್ ಎರ್ರಿಸ್ವಾಮಿ. ಆಸ್ಪತ್ರೆಯ ಕೆಂಪೆದೆ ವಾರ್ಡಿನ ಮುಖ್ಯಸ್ಥರು ಅವರು. ಒಂದೇ ವಾರದಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. “ನಿಮ್ಮ ಧೂಮಲೇಖೆಯನ್ನ ಕೊಡ್ರಿ.”

ಹಾಗೆ ಹುಟ್ಟಿದ್ದು ಜೀವಪುಟ. ಬಾಳೆ ಎಲೆಯಷ್ಟು ಅಗಲದ, ಮಡಚಬಹುದಾದ ಹಾಳೆ. ಅದಕ್ಕೆ ಕಣ್ಣಿದೆ, ಕಿವಿಯಿದೆ, ಮಾತಿದೆ. ಅದರೊಳಗೆ ಧೂಮಲೇಖೆ ಓಡಾಡುತ್ತಾಳೆ, ಮಗುವಿನ ಹೆಸರು ಹಿಡಿದು ಹಂಗಿಸುತ್ತಾಳೆ, ಕೊಳವೆಯ ಕವಾಟವನ್ನು ತನ್ನ ಕೈಯಲ್ಲಿ ಬಿಗಿ ಹಿಡಿಯುತ್ತಾಳೆ. ಮಗು ರೊಚ್ಚಿಗೆದ್ದು ಊದಿ ಅವಳನ್ನು ಸೋಲಿಸಬೇಕು. ಸೋತ ಮಟ್ಟ ಎಷ್ಟೆಂದು ಅವಳೇ ಡಾಕ್ಟರಿಗೆ ಕಳಿಸುತ್ತಾಳೆ. ಒಂದೊಂದು ಮಗುವಿಗೂ ಒಬ್ಬೊಬ್ಬಳು ಧೂಮಲೇಖೆ, ಆಯಾ ಮಗುವಿನ ಜೊತೆ ಬೇರೆ ಬೇರೆಯಾಗಿ ಬೆಳೆಯುವವಳು. ಮೊದಲ ವರ್ಷವೇ ಸಾವು ಅರ್ಧಕ್ಕೆ ಇಳಿಯಿತು. ನಾನು ಆಸ್ಪತ್ರೆಯ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರ್ ದಾದಾಪೀರ್ ಪಕ್ಕ ಕೂತು, ಮಾತುಗಳು ಎಲ್ಲಾದರೂ ಹದ ತಪ್ಪುತ್ತಿವೆಯೇ ಎಂದು ನೋಡುವ ಕೆಲಸಕ್ಕೆ ಸೇರಿದೆ. ಬೀಗಿಕೊಂಡೇ ಸೇರಿದೆ.

ಆಗ ಬಂದಳು ಹುಲಿಗೆಮ್ಮ. ಎಲ್ಲರ ಬಾಯಲ್ಲಿ ಹುಲ್ಗಿ. ಅದಿರು ಯಾರ್ಡಿನಲ್ಲಿ ಲೋಡರ್ ಓಡಿಸುವ ದುರುಗಮ್ಮನ ಒಬ್ಬಳೇ ಮಗಳು. ಹೆಸರಿನಲ್ಲಿ ಮಾತ್ರ ಹುಲಿ, ಕೋಪ ಅನ್ನುವುದನ್ನು ಆ ಮಗುವಿನ ಮುಖ ಕಂಡೇ ಇರಲಿಲ್ಲ. ಹಳೆಯ ಸಂಚಿಕೆಗಳನ್ನೆಲ್ಲ ವಾರ್ಡಿಗೆ ಬಂದ ಎರಡೇ ದಿನದಲ್ಲಿ ಓದಿ ಮುಗಿಸಿದ್ದಳು.

ಮೂರನೇ ದಿನ ಅವಳ ಪುಟದಲ್ಲಿ ಧೂಮಲೇಖೆ ಸೀಸೆ ಎತ್ತಿ ಆರ್ಭಟಿಸಿದಳು: “ಎಲೈ ಬಾಲೆ! ನಿನ್ನ ಕೊನೆಯ ಉಸಿರನ್ನೂ ಈ ಸೀಸೆಯಲ್ಲಿ ತುಂಬುವೆನು!”

“ಅದನ್ನ ಆಮ್ಯಾಲ ತುಂಬ್ತಿಯಂತ,” ಅಂದಳು ಹುಲ್ಗಿ. “ಉಂಡಿಯೇನು?”

ಅಂದವಳೇ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಸವರಿ, ಪುಟದ ಮೂಲೆಯಲ್ಲಿಟ್ಟಳು. ಪುಟದ ಕಣ್ಣಿಗೆ ರೊಟ್ಟಿ ಕಂಡಿತು. ಚಿತ್ರದೊಳಗೂ ಒಂದು ರೊಟ್ಟಿ ಚೂರು ಮೂಡಿತು. ಧೂಮಲೇಖೆ ಸೀಸೆ ಕೆಳಗಿಟ್ಟು, ಅತ್ತಿತ್ತ ನೋಡಿ, ಬಗ್ಗಿ ಅದನ್ನೆತ್ತಿಕೊಂಡು ತಿಂದಳು.

“ಮೇಡಂ, ನಿಮ್ಮ ರಾಕ್ಷಸಿಗೆ ಊಟ ಸಿಕ್ತು ನೋಡ್ರಿ,” ಎಂದು ದಾದಾಪೀರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಕ್ಕೆ ಅಷ್ಟೇ ಅಲ್ಲ, ಕಣ್ಣಲ್ಲಿ ನೀರು ತಂದುಕೊಂಡೆ. ಮೂವತ್ತು ವರ್ಷ ಬರೆದದ್ದಕ್ಕೆ ಸಾರ್ಥಕವಾಯಿತು ಅನ್ನಿಸಿತು. ಹಾಳಾದ ಹೆಮ್ಮೆ! ಅವತ್ತೇ ಎರ್ರಿಸ್ವಾಮಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ.

ಹುಲ್ಗಿ ದಿನವೂ ಉಣ್ಣಿಸಿದಳು. ಹತ್ತು ದಿನದಲ್ಲಿ ಧೂಮಲೇಖೆ ‘ಎಲೈ’ ಬಿಟ್ಟು ಹೊಸಪೇಟೆ ಮಾತು ಕಲಿತಳು. ಹುಲ್ಗಿಯ ಬಾಯಲ್ಲಿ ಅವಳು ಧೂಮಕ್ಕ ಆದಳು. ಇಬ್ಬರೂ ಕೂತು ಗಗನವೀರನನ್ನು ಆಡಿಕೊಂಡು ನಗುತ್ತಿದ್ದರು. ನಡುನಡುವೆ ಹುಲ್ಗಿ ಊದುತ್ತಿದ್ದಳು, ಮಟ್ಟ ಏರುತ್ತಿತ್ತು. ಎಂಟು, ಹನ್ನೆರಡು, ಹದಿನೈದು. ನಾಲ್ಕು ತಿಂಗಳಿಗೆ ಹತ್ತೊಂಬತ್ತು. ವಾರ್ಡಿನಲ್ಲೇ ಮೊದಲ ಸ್ಥಾನ. ತಿಂಗಳ ಸ್ಕ್ಯಾನಿಗೆ ಅವಳ ಸರದಿ ಬಂದಾಗಲೆಲ್ಲ ಎರ್ರಿಸ್ವಾಮಿ ಅದನ್ನು ಮುಂದೂಡಿದರು. “ಹತ್ತೊಂಬತ್ತಕ್ಕೆ ಹೋದ ಕೂಸಿಗೆ ಸ್ಕ್ಯಾನ್ ಯಾಕ್ರಿ? ಎರಡನೇ ಮಟ್ಟದವು ಸಾಲು ಹಚ್ಚಿ ಕುಂತಾವ.” ಅವರನ್ನು ಬೈಯಲು ನನಗೆ ಬಾಯಿಲ್ಲ.

ಒಂದು ಬೆಳಿಗ್ಗೆ ಹುಲ್ಗಿ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಉಗುರುಗಳು ನೀಲಿಯಾಗಿದ್ದವು. ಮಧ್ಯಾಹ್ನ ಎರ್ರಿಸ್ವಾಮಿ ಸ್ಕ್ಯಾನ್ ಹಿಡಿದುಕೊಂಡು ನಿಯಂತ್ರಣ ಕೊಠಡಿಗೆ ಬಂದರು. ಕೂಗಾಡುತ್ತಾರೆ ಅಂದುಕೊಂಡೆ. ಸುಮ್ಮನೆ ಅದನ್ನು ಮೇಜಿನ ಮೇಲಿಟ್ಟು ಕೂತರು. ಎಡ ಶ್ವಾಸಕೋಶದ ಕೆಳಗಿನ ಅರ್ಧ ಬೆಳ್ಳಗೆ ಸುಣ್ಣ ಬಳಿದಂತಿತ್ತು.

ದಾದಾಪೀರ್ ಕವಾಟದ ಒಳದಾಖಲೆ ತೆರೆದ. ನಾಲ್ಕು ತಿಂಗಳಿಂದ ಕವಾಟ ನಾಲ್ಕನೇ ಮಟ್ಟ ದಾಟಿರಲೇ ಇಲ್ಲ. ಧೂಮಲೇಖೆ ಸಡಿಲ ಬಿಟ್ಟು, ಹತ್ತೊಂಬತ್ತು ಅಂತ ಸುಳ್ಳು ಬರೆದು ಕಳಿಸುತ್ತಿದ್ದಳು.

“ಆ ಒಂದು ಗುಣ ಅಳಿಸಿಬಿಡೋ ಮಾರಾಯ,” ಅಂದೆ.

“ಅದು ಎಲ್ಲೋ ಬರೆದಿಟ್ಟ ಸಾಲಾಗಿದ್ರೆ ಅಳಿಸಬಹುದಿತ್ತು ಮೇಡಂ. ಇದು ರೂಢಿ. ನಿಮ್ಮ ಮೂವತ್ತು ವರ್ಷದ ಪುಸ್ತಕ ಓದಿ ಓದಿ ಅವಳೇ ಹೆಣೆದುಕೊಂಡ ಸ್ವಭಾವ. ಈ ಎಳೆ ಕಿತ್ರೆ ಸೀರೆನೇ ಬಿಚ್ಚಿಹೋಗ್ತದೆ.”

ಹೊಸ ಧೂಮಲೇಖೆಯನ್ನು ತಂದಿಟ್ಟೆವು. ಹುಲ್ಗಿ ಆಕ್ಸಿಜನ್ ನಳಿಗೆ ಹಾಕಿಕೊಂಡೇ ಅವಳಿಗೂ ರೊಟ್ಟಿ ಕೊಟ್ಟಳು. ಎರಡೇ ದಿನಕ್ಕೆ ಅವಳೂ ಸಡಿಲ ಬಿಟ್ಟಳು. ಗಗನವೀರನನ್ನು ಕೆಟ್ಟವನನ್ನಾಗಿ ಮಾಡಿ ಕಳಿಸಿದೆವು. ಹುಲ್ಗಿ ನಕ್ಕಳು. ಬರೀ ಕವಾಟವನ್ನೇ ಬಿಗಿ ಮಾಡಿ ಕೊಟ್ಟರೆ ಎರಡು ಸಲ ಊದಿ, “ಉರೀತೈತ್ರಿ, ಬ್ಯಾಡ,” ಎಂದು ಕೊಳವೆ ಕೆಳಗಿಟ್ಟಳು. ಎರ್ರಿಸ್ವಾಮಿ ಲೆಕ್ಕ ಹೇಳಿದರು: ಇನ್ನು ಮೂರು ವಾರ ಹೀಗೇ ಹೋದರೆ ಬಲಗಡೆಯದೂ ಮುಚ್ಚಲು ಶುರುವಾಗುತ್ತದೆ, ಆಮೇಲೆ ಏನು ಮಾಡಿದರೂ ಮಗು ಉಳಿಯುವುದಿಲ್ಲ.

ದುರುಗಮ್ಮನಿಗೆ ಹೇಳಬೇಕಿತ್ತು. ಯಾರೂ ಮುಂದೆ ಬರಲಿಲ್ಲ, ನಾನೇ ಹೋದೆ. ಯಾರ್ಡಿನ ಹಿಂದಿನ ಕಾರ್ಮಿಕರ ಲೈನಿನಲ್ಲಿ ಒಂದೇ ಕೋಣೆಯ ಮನೆ. ಬೆಳಗಿನ ಪಾಳಿಗೆ ಹೋಗುವ ಮುಂಚೆ ರೊಟ್ಟಿ ಬಡಿಯುತ್ತ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಮೊಸರನ್ನದಿಂದ ಹಿಡಿದು. ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು.

“ಅರ್ಧ ರೊಟ್ಟಿ ಹೆಚ್ಚಿಗೆ ಕಟ್ತಿದ್ದೆರಿ ದಿನಾ,” ಅಂದಳು. “ಧೂಮಕ್ಕಗ ಅಂತ. ನನ್ನ ಕೈಯಾರ ಕಟ್ಟಿ ಕಳಿಸೀನಿ.”

ಅವಳು ಕೆಮ್ಮಿದಳು. ಅವಳ ಎದೆಯಲ್ಲೂ ಧೂಳಿತ್ತು, ದೊಡ್ಡವರನ್ನು ಅದು ನಿಧಾನಕ್ಕೆ ಕೊಲ್ಲುತ್ತದೆ, ಅಷ್ಟೇ ವ್ಯತ್ಯಾಸ. “ನನ್ನ ಮಗಳಿಗೆ ಸಿಟ್ಟು ಬರಂಗಿಲ್ರಿ. ನಾನು ಬೆಳೆಸಿದ್ದ ಹಂಗ. ಈಗ ಸಿಟ್ಟು ಎಲ್ಲಿಂದ ತರ್ಲಿ ಯಕ್ಕಾ?”

ಕೊಠಡಿಗೆ ವಾಪಸ್ ಬಂದು ಹುಲ್ಗಿಯ ಮೊದಲಿನ ಪುಟವನ್ನು, ಧೂಮಕ್ಕ ಇದ್ದದ್ದನ್ನು, ಮೇಜಿನ ಮೇಲೆ ಹಾಸಿದೆ. ನನ್ನ ಪಾತ್ರದ ಜೊತೆ ನಾನು ಮುಖಾಮುಖಿ ಮಾತಾಡಿದ್ದು ಅದೇ ಮೊದಲು.

“ಹುಲ್ಗಿ ಎಲ್ಲಿ ಯವ್ವಾ? ಬಾಳ ದಿನ ಆತು ಕರದೇ ಇಲ್ಲ,” ಅಂದಳು ಧೂಮಲೇಖೆ.

“ಆಕ್ಸಿಜನ್ ಹಾಕ್ಯಾರ. ಎಲ್ಲಾ ನಿನ್ನಿಂದ.”

“ನಾನೇನು ಮಾಡೀನಿ? ಎದಿ ಉರೀತೈತಿ ಧೂಮಕ್ಕ, ಅಂತಿದ್ಲು. ಅಕಿ ಕೊಟ್ಟ ರೊಟ್ಟಿ ತಿಂದೀನಿ. ಹೆಂಗ ಬಿಗಿ ಹಿಡೀಲಿ?”

“ಬಿಗಿ ಹಿಡೀದ ಇದ್ದದ್ದಕ್ಕ ಕೂಸು ಸಾಯಾಕ ಹತ್ತೈತಿ!” ಎಂದು ಕಿರುಚಿದೆ. ಸ್ಕ್ಯಾನನ್ನು ಪುಟದ ಕಣ್ಣಿಗೆ ಹಿಡಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಕಣ್ಣೀರು ಬರೆದವರಿಲ್ಲ, ಆದ್ದರಿಂದ ಅಳಲೂ ಬರಲಿಲ್ಲ.

“ನಾಳೆಯಿಂದ ಬಿಗಿ ಹಿಡಿ,” ಅಂದೆ.

“ಆಗಂಗಿಲ್ಲ ಯವ್ವಾ. ಅಕಿ ಬ್ಯಾಡ ಧೂಮಕ್ಕ ಅಂದ್ರ ನನ್ನ ಕೈ ತಾನ ಸಡಿಲ ಆಗ್ತೈತಿ. ನೀನ ಹಂಗ ಮಾಡಿಟ್ಟಿ.” ಸೊಂಟದ ಸೀಸೆಯೊಂದನ್ನು ತಿರುವುತ್ತ ಮತ್ತೆ ಅಂದಳು, “ಅಕಿ ನನ್ನ ಅಕ್ಕ ಅನ್ನಬಾರದು. ನನ್ನ ಕಂಡ್ರ ಅಕಿ ಮೈ ಉರೀಬೇಕು. ಅಕಿ ಪ್ರಾಣ ಇರೋದು ಅವ್ವನ ಮ್ಯಾಲೆ. ನಾನು ಉಂಡು, ಅದ ಬಾಯಿಲೆ ಅಕಿ ಅವ್ವನ ಉಸಿರಿಗೆ ಕೈ ಹಾಕಿದ್ರ? ಆಗ ಊದ್ತಾಳ.”

ಇಡೀ ಆಸ್ಪತ್ರೆಯಲ್ಲಿ ಯಾರಿಗೂ ಹೊಳೆಯದ್ದು ಅವಳಿಗೆ ಹೊಳೆದಿತ್ತು. “ಅದು ನಿನ್ನ ಕೈಲಿ ಆಗ್ತೈತೇನು?”

“ಆಗಬೇಕಲ್ಲ.”

“ಹಂಗ ಮಾಡಿದ್ರ ನೀನು ಉಳಿಯಂಗಿಲ್ಲ. ಒಳಗಿನ ಹೆಣಿಗೆ ಬಿಚ್ಚಿಹೋಗ್ತೈತಿ. ಮೂತಿ ಉಳೀತೈತಿ, ನೀನಿರಂಗಿಲ್ಲ. ಬಹಳ ಅಂದ್ರ ಒಂದು ತಿಂಗಳು ಅಂತಾನ ದಾದಾಪೀರ್.”

“ಅಷ್ಟು ದಿನ ಅಕಿಗೆ ಸಾಕಾಗ್ತೈತೇನು?” ಎಂದು ಕೇಳಿದಳು. ಬೇರೇನೂ ಕೇಳಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಪುಟವನ್ನು ಹುಲ್ಗಿಯ ಮಂಚಕ್ಕೆ ಕಳಿಸಿದೆವು. ದುರುಗಮ್ಮ ಒಪ್ಪಿದ್ದಳು. ನಮ್ಮ ಪಕ್ಕದ ಕೋಣೆಯಲ್ಲಿ ಕ್ಯಾಮೆರಾ ಮುಂದೆ ಕೂತಿದ್ದಳು. ನಟಿಸು ಅಂತ ಹೇಳಬೇಕಾಗಿರಲಿಲ್ಲ, ಅವಳ ಕೆಮ್ಮು ನಿಜವಾದದ್ದೇ.

ಹುಲ್ಗಿಗೆ ಒಂದು ತುತ್ತೂ ಸೇರುತ್ತಿರಲಿಲ್ಲ. ಆದರೂ ಧೂಮಕ್ಕನ ಪಾಲು ಎತ್ತಿಟ್ಟಿದ್ದಳು. “ಎಲ್ಲಿ ಹೋಗಿದ್ದಿ? ತಗೋ, ತಿನ್ನು,” ಅಂದಳು. ಧೂಮಲೇಖೆ ತಿಂದಳು. ನಿಧಾನಕ್ಕೆ, ಪೂರ್ತಿ ತಿಂದಳು. ಆಮೇಲೆ ನೆಟ್ಟಗೆ ನಿಂತಳು.

“ಎಲೈ ಮೂಢ ಬಾಲೆ! ನಿನ್ನ ಒಣ ರೊಟ್ಟಿಯ ಆಸೆಗೆ ನಾನು ಬಂದೆನೆಂದು ನಂಬಿದೆಯಾ?”

“ಹಂಗ ಮಾತಾಡಬ್ಯಾಡ ಧೂಮಕ್ಕ, ನಗು ಬರ್ತೈತಿ.”

ಧೂಮಲೇಖೆ ಸೊಂಟದಿಂದ ಸೀಸೆ ಬಿಚ್ಚಿ ಮೇಲೆ ಹಿಡಿದಳು. ಒಳಗೆ ದುರುಗಮ್ಮನಿದ್ದಳು. ಉಸಿರಿಗೆ ಒದ್ದಾಡುತ್ತ, ಗಾಜಿಗೆ ಕೈ ಊರಿ ಕೆಮ್ಮುತ್ತಿದ್ದಳು.

ಹುಲ್ಗಿಯ ಮುಖದ ನಗು ಹೋಗಲು ಸ್ವಲ್ಪ ಸಮಯ ಹಿಡಿಯಿತು. ನಮ್ಮ ಪರದೆಯ ಮೇಲೆ ಅದು ಹೋಗುವುದನ್ನು ನಾವು ನೋಡಿದೆವು.

“ಉಂಡೀಯಲ್ಲ,” ಅಂದಳು. ಮೊದಲು ಮೆಲ್ಲಗೆ. ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಚೀರಿದಳು, “ನಮ್ಮವ್ವ ಮಾಡಿದ್ದು ಉಂಡೀಯಲ್ಲ! ದಿನಾ ಉಂಡೀಯಲ್ಲೇ! ಬಿಡು ನಮ್ಮವ್ವನ್ನ!”

ಧೂಮಲೇಖೆ ಗಹಗಹಿಸಿ ನಕ್ಕಳು. ಹುಲ್ಗಿ ಕೊಳವೆ ಕಿತ್ತುಕೊಂಡು ಊದಿದಳು. ಕವಾಟ ಐದಕ್ಕೆ ಬಿಗಿಯಿತು. ಊದಿದಳು. ಆರು. ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿತ್ತು, ನಡುವೆ ಒಮ್ಮೆ ವಾಂತಿ ಮಾಡಿಕೊಂಡಳು, ಬಾಯಿ ಒರೆಸಿಕೊಂಡು ಮತ್ತೆ ಊದಿದಳು. ನಲವತ್ತು ಸಲ. ನಲವತ್ತನೆಯದಕ್ಕೆ ಸೀಸೆ ಒಡೆಯಿತು. ದುರುಗಮ್ಮ ಓಡಿಹೋಗಿ ಮಗಳನ್ನು ತಬ್ಬಿಕೊಂಡಾಗ ಹುಲ್ಗಿ, “ನಾನು ಊದಿ ಬಿಡಿಸಿದೆ ಅವ್ವಾ,” ಅಂದಳು. ದಾದಾಪೀರ್ ಗೋಡೆಗೆ ಮುಖ ಹಾಕಿ ನಿಂತಿದ್ದ.

ಸಂಜೆ ಧೂಮಲೇಖೆ ನನ್ನನ್ನು ಕರೆದಳು. “ಎಷ್ಟು ಬಂತು?”

“ಏಳು. ಖರೇ ಏಳು.”

“ಏನಂತ ಬೈದ್ಲು ನನಗ?”

“ನೀನ ಕೇಳಿದಿಯಲ್ಲ.”

“ಇನ್ನೊಮ್ಮೆ ಹೇಳು ಯವ್ವಾ. ಹಿಡಿತಕ್ಕ ಸಿಗವಲ್ತು.” ಆಗಲೇ ಮರೆವು ಶುರುವಾಗಿತ್ತು.

ದಿನವೂ ಅದೇ. ದಿನವೂ ಅವಳು ಮಗುವಿನ ತಾಯಿಯನ್ನು ಸೀಸೆಗೆ ಹಾಕಿದಳು, ದಿನವೂ ಮಗು ಅವಳನ್ನು ಶಪಿಸಿ ಊದಿತು. ಒಂಬತ್ತು, ಹನ್ನೊಂದು, ಹದಿಮೂರು. ಸಂಜೆ ಸಂಜೆ ನಾನು ಪುಟ ಬಿಡಿಸಿ ಕೂರುತ್ತಿದ್ದೆ. ಒಂದು ದಿನ ಅವಳಿಗೆ ಚಟ್ನಿಪುಡಿಯ ಹೆಸರು ಮರೆಯಿತು. ಇನ್ನೊಂದು ದಿನ ಗಗನವೀರನದು. ಇಪ್ಪತ್ತೆರಡನೇ ದಿನ, “ಹುಲ್ಗಿ ಚೆನ್ನಾಗಿ ಊದಿದ್ಲು,” ಅಂದೆ. “ಯಾವ ಹುಲ್ಗಿ?” ಎಂದಳು. ಆದರೂ ಅವತ್ತು ಬೆಳಿಗ್ಗೆ ಅವಳ ಕೈ ಒಂದೆಳೆಯೂ ಸಡಿಲವಾಗಿರಲಿಲ್ಲ. ಮರುದಿನ ನಾನು ಏನು ಕೇಳಿದರೂ, “ಎಲೈ ಮೂಢಳೇ, ನಿನ್ನ ಉಸಿರು ನನ್ನದು!” ಎಂಬ ಒಂದೇ ಉತ್ತರ ಬಂತು. ಅದು ಮೊದಲನೇ ಸಂಚಿಕೆಯಲ್ಲಿ ನಾನೇ ಬರೆದ ಸಾಲು. ನಾನು ಪುಟ ಮಡಚಿಟ್ಟು, ಅರವತ್ತು ದಾಟಿದ ಹೆಂಗಸು, ಆ ಕೊಠಡಿಯ ನೆಲದ ಮೇಲೆ ಕೂತು ಅತ್ತೆ. ಮೂವತ್ತು ವರ್ಷ ಗಗನವೀರನಿಗೆ ಹಾಕಿದ ಹೂಮಾಲೆಗಳನ್ನೆಲ್ಲ ಕಿತ್ತು ಬಿಸಾಕಬೇಕು ಅನ್ನಿಸಿತು.

ಹುಲ್ಗಿಗೆ ಏನೂ ಗೊತ್ತಾಗಲಿಲ್ಲ. ಅವಳ ಪಾಲಿಗೆ ಧೂಮಲೇಖೆ ಹೇಗಿದ್ದಳೋ ಹಾಗೇ ಇದ್ದಳು. ಒಳಗೆ ಯಾರೂ ಇಲ್ಲದ ಆ ಮುಖವನ್ನೇ ದ್ವೇಷಿಸುತ್ತ ಎರಡು ತಿಂಗಳಲ್ಲಿ ಹದಿನಾರಕ್ಕೆ ಬಂದಳು. ಬಲಗಡೆಯದು ಉಳಿಯಿತು. ಎಡಗಡೆ ಹೋದದ್ದು ಹೋಯಿತು. ಎರ್ರಿಸ್ವಾಮಿ ನನ್ನನ್ನೂ ದುರುಗಮ್ಮನನ್ನೂ ಕೂರಿಸಿಕೊಂಡು ಹೇಳಿದರು: ಮನೆಗೆ ಹೋಗಬಹುದು, ಆದರೆ ದಿನಕ್ಕೆ ನಲವತ್ತು ಸಲ, ಬದುಕಿರುವಷ್ಟು ದಿನ. ಬಿಡದೆ ಊದಿದರೆ ಮೂವತ್ತು ವಯಸ್ಸು ಮುಟ್ಟಬಹುದು. ಒಂದು ತಿಂಗಳು ಬಿಟ್ಟರೆ ಮುಗಿಯಿತು. ದುರುಗಮ್ಮ ತಲೆಯಾಡಿಸಿದಳು. ತಾನು ಅಷ್ಟು ವರ್ಷ ಇರುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ಹೊರಡುವ ದಿನ ನಾನು ವಾರ್ಡಿಗೆ ಹೋದೆ. ದುರುಗಮ್ಮ ಮಗಳ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಹುಲ್ಗಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಎತ್ತರವಾಗಿದ್ದಳು, ಹುಬ್ಬುಗಳ ನಡುವೆ ಒಂದು ಗೆರೆ ಬಂದಿತ್ತು.

“ಅಜ್ಜಿ, ಅಕಿನ್ನ ಬರದಾಕಿ ನೀನ ಅಂತ ಹೌದಾ?”

“ಹೌದವ್ವಾ.”

“ಹಂಗಾರ ಒಂದು ಕೇಳ್ತೀನಿ, ಖರೇ ಹೇಳಬೇಕು.” ಪುಟದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. “ನಾನು ಉಣ್ಣಾಕ ಕೊಡ್ತಿದ್ನೆಲ್ಲ, ನಗ್ತಿದ್ವೆಲ್ಲ. ಆಗಾದ್ರೂ ಅಕಿ ನನ್ನ ಮ್ಯಾಲೆ ಜೀವ ಇಟ್ಟಿದ್ಲಾ? ಒಂಚೂರು?”

ದುರುಗಮ್ಮನ ಕೈ ಬಟ್ಟೆಯ ಮೇಲೆ ನಿಂತಿತು. ಅವಳು ನನ್ನನ್ನು ನೋಡಲಿಲ್ಲ. ಹುಲ್ಗಿ ನೋಡುತ್ತಿದ್ದಳು. ಹೂಂ ಅನ್ನು ಅಜ್ಜಿ, ಅಂತ ಆ ಕಣ್ಣುಗಳು ಅಂಗಲಾಚುತ್ತಿದ್ದವು. ಇಟ್ಟಿದ್ಲು ಕಂದಾ, ಈ ಲೋಕದಲ್ಲಿ ಯಾರೂ ಯಾರ ಮೇಲೂ ಇಡದಷ್ಟು ಇಟ್ಟಿದ್ಲು, ನಿನ್ನ ಸಲುವಾಗಿ ಇಲ್ಲದಂತಾದ್ಲು, ಎಂಬ ಮಾತು ನನ್ನ ನಾಲಿಗೆ ತುದಿಯವರೆಗೂ ಬಂತು. ಹೇಳಿದ್ದರೆ ಅವತ್ತು ಸಂಜೆಯೇ ಅವಳು ಆ ಪುಟದ ಮೂಲೆಗೆ ರೊಟ್ಟಿ ಇಡುತ್ತಿದ್ದಳು. ಮತ್ತೆ ಯಾವತ್ತೂ ಜೀವ ಬಿಟ್ಟು ಊದುತ್ತಿರಲಿಲ್ಲ.

“ಇಲ್ಲವ್ವಾ,” ಅಂದೆ. “ಒಂದು ದಿನಾನೂ ಇಟ್ಟಿರಲಿಲ್ಲ. ಅಕಿ ಹುಟ್ಟಿದ್ದ ಹಂಗ.”

ಹುಲ್ಗಿ ಅಳಲಿಲ್ಲ. ಪುಟವನ್ನು ಹಾಸಿಗೆಯ ಮೇಲೆ ಬಿಡಿಸಿ, ಆ ನಗುವ ಮುಖವನ್ನು ದಿಟ್ಟಿಸಿ ನೋಡಿ, ಕೊಳವೆ ಎತ್ತಿಕೊಂಡು ಮೈಯೆಲ್ಲ ಅದುರುವಂತೆ ಊದಿದಳು. ಹದಿನೇಳು ಬಂತು. ಅವಳು ಅಲ್ಲಿಯವರೆಗೆ ನಿಜವಾಗಿ ಹದಿನೇಳು ಮುಟ್ಟಿರಲಿಲ್ಲ.

“ಹದಿನೇಳು ಯಕ್ಕಾ, ಹದಿನೇಳು,” ಎಂದು ದುರುಗಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು.